ಮೂಳೆ ಕೂಡಿದರೆ ಸಾಲದು

(ಸುವರ್ಣ ಮಹೋತ್ಸವದ ಎರಡನೇ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು 1992ರಲ್ಲಿ ಈ ಶಾಲೆಯಿಂದ ಎಸ್ಸೆಸ್ಸೆಲ್ಸಿ ಮುಗಿಸಿದವನು. ಈಗ ಜಿಲ್ಲಾ ಕೇಂದ್ರದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸ ಮಾಡುತ್ತಿದ್ದೇನೆ. ಊರಿಗೆ ಬಂದಾಗಲೆಲ್ಲ "ನೀನು ಡಾಕ್ಟರೋ, ಕಂಪೌಂಡರೋ?" ಎಂದು ಕೇಳುವವರಿದ್ದಾರೆ. ಎರಡೂ ಅಲ್ಲ. ಬಿದ್ದವರನ್ನು ಡಾಕ್ಟರು ಉಳಿಸುತ್ತಾರೆ, ಮುರಿದದ್ದನ್ನು ಕೂಡಿಸುತ್ತಾರೆ. ಆಮೇಲೆ ಅವರು ಮತ್ತೆ ನಡೆಯುವಂತೆ, ಕೂರುವಂತೆ, ಕೆಲಸಕ್ಕೆ ಹೋಗುವಂತೆ ಮಾಡುವುದು ನಮ್ಮ ಪಾಲಿನ ಕೆಲಸ. ಈ ಎರಡನೇ ಕೆಲಸದ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದಾಗ, ನಾನು ನಮ್ಮ ಮನೆಯಿಂದಲೇ ಶುರುಮಾಡಬೇಕು ಅನ್ನಿಸಿತು.

ನಮ್ಮ ಅಪ್ಪ ಅಡಿಕೆ ಕೊನೆ ಕೊಯ್ಯುವವರು. ಹಿರಿಯರಿಗೆಲ್ಲ ಗೊತ್ತು. ಒಂದು ಮರದಿಂದ ಇಳಿಯದೆ ಮರವನ್ನೇ ಬಗ್ಗಿಸಿ ಇನ್ನೊಂದಕ್ಕೆ ದಾಟುತ್ತಿದ್ದರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯಲು ಹತ್ತಿದವರು ಜಾರಿ ಬಿದ್ದರು. ಎಡತೊಡೆಯ ಮೂಳೆ ಮುರಿಯಿತು. ತೋಟದಿಂದ ರಸ್ತೆಯವರೆಗೆ ನಾಲ್ಕು ಜನ ಕೈಕಾಲು ಹಿಡಿದು ಹೊತ್ತು ತಂದರು. ಜೀಪಿನ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ ಪೇಟೆಗೆ ಒಯ್ದೆವು. ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಆರು ವಾರ ಮಲಗಿಸಿದರು, ಆಮೇಲೆ ಪ್ಲಾಸ್ಟರ್ ಹಾಕಿದರು. ಪ್ಲಾಸ್ಟರ್ ಬಿಚ್ಚಿದ ದಿನ ಡಾಕ್ಟರು ಎಕ್ಸ್‌ರೇ ನೋಡಿ, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಸ್ವಲ್ಪ ದಿನ ರೆಸ್ಟ್ ಮಾಡಲಿ" ಎಂದರು.

ನಾವು ಆ ರೆಸ್ಟ್ ಎಂಬ ಮಾತನ್ನು ವೇದವಾಕ್ಯದಂತೆ ಪಾಲಿಸಿದೆವು. ಅವ್ವ ಅಪ್ಪನನ್ನು ಹಾಸಿಗೆಯಿಂದ ಇಳಿಯಲು ಬಿಡಲಿಲ್ಲ. ಮಂಡಿಯ ಕೆಳಗೆ ದಿಂಬು ಇಟ್ಟು, ಊಟ, ನೀರು ಎಲ್ಲವನ್ನೂ ಅಲ್ಲಿಗೇ ತಂದುಕೊಟ್ಟಳು. ಅವಳಷ್ಟು ಪ್ರೀತಿಯಿಂದ ಯಾರೂ ನೋಡಿಕೊಳ್ಳಲು ಸಾಧ್ಯವಿರಲಿಲ್ಲ. ಮೂರು ತಿಂಗಳು ಕಳೆದು ಅಪ್ಪ ಎದ್ದು ನಿಂತಾಗ ತೊಡೆ ಕೋಲಿನ ಹಾಗಾಗಿತ್ತು. ಮಂಡಿ 60 ಡಿಗ್ರಿಗಿಂತ ಹೆಚ್ಚು ಬಗ್ಗಲಿಲ್ಲ. ಇವತ್ತಿಗೂ ಬಗ್ಗುವುದಿಲ್ಲ.

60 ಡಿಗ್ರಿ ಅಂದರೇನು ಎಂದು ಮಕ್ಕಳು ಕೇಳಬಹುದು. ನಿಮ್ಮ ಕೋನಮಾಪಕ ತೆಗೆದು ನೋಡಿ. ಸಮತಟ್ಟಾದ ನೆಲದ ಮೇಲೆ ನಡೆಯಲು ಮಂಡಿ ಸುಮಾರು 60 ಡಿಗ್ರಿ ಬಗ್ಗಿದರೆ ಸಾಕು. ಮೆಟ್ಟಿಲು ಹತ್ತಿ ಇಳಿಯಲು, ಕುರ್ಚಿಯಿಂದ ಸಲೀಸಾಗಿ ಏಳಲು 90 ಡಿಗ್ರಿ ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಬೇಕು. ಕುಕ್ಕರಗಾಲಲ್ಲಿ ಕೂರಲು, ಚಕ್ಕಳಮಕ್ಕಳ ಹಾಕಲು 130 ಡಿಗ್ರಿಯ ಆಸುಪಾಸು ಬೇಕು. ಅಂದರೆ ಅಪ್ಪನಿಗೆ ನಡೆಯಲು ಬಂತು. ಆದರೆ ಬಸ್ಸಿನ ಸೀಟಿನಲ್ಲಿ ಕಾಲು ದಾರಿಗೆ ಚಾಚಿಕೊಂಡೇ ಕೂರಬೇಕಾಯಿತು. ಮಣೆಯ ಮೇಲೆ ಕೂತು ನಮ್ಮ ಜೊತೆ ಉಣ್ಣಲು ಆಗಲಿಲ್ಲ. ಆ ಕಾಲದಲ್ಲಿ ನಮ್ಮ ಮನೆಯಲ್ಲಿ ಕಕ್ಕಸು ಇರಲಿಲ್ಲ. ಬಯಲಿಗೆ ಹೋಗಿ ಬರುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಮರ ಹತ್ತುವುದಂತೂ ಅವತ್ತಿಗೇ ಮುಗಿಯಿತು.

ಕಾಲೇಜಿನ ಮೂರನೇ ವರ್ಷದಲ್ಲಿ ತೊಡೆ ಮೂಳೆ ಮುರಿತದ ಪಾಠ ಬಂತು. ತೊಡೆಯ ಮುಂಭಾಗದ ದೊಡ್ಡ ಸ್ನಾಯು ಅಲುಗಾಡದೆ ಬಿದ್ದರೆ ಸುತ್ತಲಿನದಕ್ಕೆ ಅಂಟಿಕೊಳ್ಳುತ್ತದೆ, ಮಂಡಿ ಗಟ್ಟಿಯಾಗುತ್ತದೆ, ಆದ್ದರಿಂದ ಡಾಕ್ಟರು ಒಪ್ಪಿದ ದಿನದಿಂದಲೇ ಸ್ನಾಯು ಬಿಗಿಹಿಡಿದು ಬಿಡುವುದು, ಮಂಡಿ ಬಗ್ಗಿಸುವುದು ಶುರುವಾಗಬೇಕು ಎಂದು ಪುಸ್ತಕದಲ್ಲಿತ್ತು. ಮಂಡಿಯ ಕೆಳಗೆ ಸದಾ ದಿಂಬು ಇಡಬಾರದು ಎಂದೂ ಇತ್ತು. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾರನ್ನೂ ದೂರಿ ಫಲವಿಲ್ಲ. ಹೇಳುವವರು ಇರಲಿಲ್ಲ, ಕೇಳಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಇನ್ನೊಂದು ಮನೆಯಲ್ಲಿ ಹಾಗಾಗದಿರಲಿ ಎಂದೇ ಇವತ್ತು ಇಲ್ಲಿ ನಿಂತಿದ್ದೇನೆ.

ಇನ್ನು ಪಾಠಕ್ಕೆ ಬರೋಣ. ಎಂಟನೇ ತರಗತಿಯಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಸನ್ನೆಗಳ ಪಾಠಕ್ಕೆ ಒಂದು ಹಾರೆ, ಒಂದು ಅಡಕತ್ತರಿ, ಒಂದು ಚಿಮಟ ತಂದಿದ್ದರು. ಕಲ್ಲು ಮೀಟುವ ಹಾರೆ ಮೊದಲನೇ ವರ್ಗ, ಆಧಾರ ನಡುವೆ. ಅಡಕತ್ತರಿ ಎರಡನೇ ವರ್ಗ, ಭಾರ ನಡುವೆ. ಚಿಮಟ ಮೂರನೇ ವರ್ಗ, ಬಲ ನಡುವೆ. ಕೊನೆಗೆ ತಮ್ಮ ಮುಂಗೈ ಎತ್ತಿ ತೋರಿಸಿ, "ಇದು ಯಾವ ವರ್ಗ?" ಎಂದರು. ನಾವು ಯಾರೂ ಬಾಯಿ ಬಿಡಲಿಲ್ಲ. ನನ್ನ ವೃತ್ತಿ ಶುರುವಾದದ್ದು ಆ ಪ್ರಶ್ನೆಯಿಂದ ಎಂದು ಈಗ ಅನ್ನಿಸುತ್ತದೆ.

ಮುಂಗೈ ಮೂರನೇ ವರ್ಗದ ಸನ್ನೆ. ಮೊಣಕೈ ಆಧಾರ. ತೋಳಿನ ಸ್ನಾಯು ಮೊಣಕೈಯಿಂದ ಸುಮಾರು 5 ಸೆಂಟಿಮೀಟರ್ ಆಚೆ ಹಿಡಿದುಕೊಂಡಿದೆ. ಅಂಗೈಯಲ್ಲಿರುವ ಭಾರ ಸುಮಾರು 35 ಸೆಂಟಿಮೀಟರ್ ದೂರದಲ್ಲಿದೆ. ದೂರ ಏಳು ಪಟ್ಟು, ಆದ್ದರಿಂದ ಬಲವೂ ಏಳು ಪಟ್ಟು. 5 ಕೆಜಿ ಅಕ್ಕಿಚೀಲವನ್ನು ಮೊಣಕೈ ಮಡಚಿ ಹಿಡಿದರೆ ಸ್ನಾಯು 35 ಕೆಜಿಯಷ್ಟು ಜಗ್ಗಬೇಕು. ದೇವರು ಇಷ್ಟು ನಷ್ಟದ ವ್ಯಾಪಾರ ಯಾಕೆ ಮಾಡಿದ ಎನ್ನಬಹುದು. ಬಲದಲ್ಲಿ ಕಳೆದುಕೊಂಡದ್ದು ವೇಗದಲ್ಲಿ, ಚಲನೆಯ ಅಳತೆಯಲ್ಲಿ ಸಿಗುತ್ತದೆ. ಸ್ನಾಯು ಇಷ್ಟೇ ಕುಗ್ಗಿದರೂ ಕೈ ಅಷ್ಟು ದೂರ ಬೀಸುತ್ತದೆ. ಮಾವಿನಕಾಯಿಗೆ ಕಲ್ಲು ಹೊಡೆಯಲು ಸಾಧ್ಯವಾಗುವುದು ಅದರಿಂದಲೇ.

ಇದೇ ಲೆಕ್ಕವನ್ನು ಸೊಂಟಕ್ಕೆ ಹಾಕಿ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಸುಮಾರು 5 ಸೆಂಟಿಮೀಟರ್ ಹಿಂದೆ ಇವೆ. 20 ಕೆಜಿ ಮೂಟೆಯನ್ನು ಮೈಯಿಂದ ದೂರ, 40 ಸೆಂಟಿಮೀಟರ್ ಮುಂದೆ ಹಿಡಿದು ಎತ್ತಿದರೆ ಬೆನ್ನಿನ ಸ್ನಾಯು 160 ಕೆಜಿಯಷ್ಟು ಎಳೆಯಬೇಕು. ಅದೇ ಮೂಟೆಯನ್ನು ಹೊಟ್ಟೆಗೆ ಹತ್ತಿರ, 20 ಸೆಂಟಿಮೀಟರಿಗೆ ತಂದರೆ 80 ಕೆಜಿ ಸಾಕು. ಮುಂದಕ್ಕೆ ಬಾಗಿದಾಗ ನಮ್ಮ ಎದೆ, ತಲೆ, ತೋಳುಗಳ ಭಾರವೂ ಇದಕ್ಕೆ ಸೇರುತ್ತದೆ. ಮೂಟೆ ಅದೇ, ಆಳೂ ಅದೇ, ದೂರ ಮಾತ್ರ ಬೇರೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸರ್ಕಾರಿ ಸಂಸ್ಥೆ ಎಲ್ಲ ಅನುಕೂಲ ಇದ್ದಾಗಲೂ ಒಬ್ಬ ಕೆಲಸಗಾರ ಎತ್ತುವ ಭಾರಕ್ಕೆ 23 ಕೆಜಿಯ ಮಿತಿ ಹೇಳಿದೆ. ನಮ್ಮಲ್ಲಿ 50 ಕೆಜಿಯ ಸಿಮೆಂಟ್ ಚೀಲ, ಗೊಬ್ಬರದ ಚೀಲ ಒಬ್ಬರೇ ಹೊರುವುದು ದಿನನಿತ್ಯದ ಮಾತು. ಆದ್ದರಿಂದ ನನ್ನ ಮೊದಲನೇ ವಿನಂತಿ: ಭಾರವನ್ನು ಮೈಗೆ ಒತ್ತಿಕೊಂಡು ಎತ್ತಿ, ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಇಬ್ಬರು ಇದ್ದರೆ ಇಬ್ಬರೂ ಹಿಡಿಯಿರಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಈಗ ತೋಟಕ್ಕೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಕೊನೆ ಇಳಿಸಬಹುದು, ಮದ್ದು ಹೊಡೆಯಬಹುದು. ಅಪ್ಪನ ಕಾಲಕ್ಕೆ ಇದು ಇದ್ದಿದ್ದರೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಈಚೆಗೆ ನನ್ನ ಹತ್ತಿರ ಕುತ್ತಿಗೆ, ಭುಜ ಹಿಡಿದುಕೊಂಡು ಬರುವ ದೋಟಿಯವರು ಹೆಚ್ಚಾಗಿದ್ದಾರೆ. ಕಾರಣ ಮತ್ತೆ ಸನ್ನೆಯೇ. ದೋಟಿಯ ತೂಕ ಕೆಲವೇ ಕೆಜಿ, ಆದರೆ ಅದು ಓರೆಯಾದಷ್ಟೂ ಅದರ ಭಾರ ನಿಮ್ಮ ಕೈಯಿಂದ ದೂರ ಸರಿಯುತ್ತದೆ. ನೆಲದಿಂದ ಎತ್ತಿ ನಿಲ್ಲಿಸುವಾಗ ಒಬ್ಬರು ಬುಡ ಒತ್ತಿ ಹಿಡಿಯಲಿ, ಇನ್ನೊಬ್ಬರು ಎತ್ತಲಿ. ಮರದ ಬುಡಕ್ಕೇ ನಿಂತು ಕತ್ತು ಪೂರ್ತಿ ಮೇಲೆತ್ತುವ ಬದಲು, ಆದಷ್ಟು ಹಿಂದೆ ಸರಿದು ನಿಲ್ಲಿ. ಆಗಾಗ ಕೈ ಬದಲಿಸಿ, ಕತ್ತು ಇಳಿಸಿ ಸುಧಾರಿಸಿಕೊಳ್ಳಿ.

ಆದರೂ ಮರ ಹತ್ತುವವರು ಇದ್ದೇ ಇದ್ದಾರೆ. ಯಾರಾದರೂ ಬಿದ್ದರೆ ದಯವಿಟ್ಟು ನಾವು ಮಾಡಿದಂತೆ ಕೈಕಾಲು ಹಿಡಿದು ಎತ್ತಬೇಡಿ. ಬೆನ್ನುಮೂಳೆ ಮುರಿದಿದ್ದರೆ ಒಳಗಿನ ನರಹುರಿಗೆ ಏಟಾಗದೆ ಉಳಿದಿರಬಹುದು, ನಾವು ಮಡಚಿ ಎತ್ತುವಾಗ ಏಟಾಗಬಹುದು. 108ಕ್ಕೆ ಫೋನ್ ಮಾಡಿ. ಬಿದ್ದವರನ್ನು ಇದ್ದ ಹಾಗೇ ಇರಲು ಬಿಡಿ, ನೀರು ಕುಡಿಸಬೇಡಿ, ಎಬ್ಬಿಸಿ ಕೂರಿಸಬೇಡಿ. ಸಾಗಿಸಲೇಬೇಕಾದರೆ ಒಬ್ಬರು ತಲೆ ಕುತ್ತಿಗೆಯನ್ನು ನೇರ ಹಿಡಿದು, ಉಳಿದವರು ಭುಜ, ಸೊಂಟ, ಕಾಲು ಹಿಡಿದು, ಎಲ್ಲರೂ ಒಂದೇ ಸಲಕ್ಕೆ ಮರದ ದಿಮ್ಮಿ ಉರುಳಿಸಿದಂತೆ ಮಗ್ಗುಲಿಗೆ ಹೊರಳಿಸಿ, ಕೆಳಗೆ ಹಲಗೆ ಸರಿಸಿ. ಹಲಗೆ ಇಲ್ಲದಿದ್ದರೆ ಬಾಗಿಲನ್ನೇ ಕಳಚಿ ತನ್ನಿ.

ಎರಡನೇ ಮಾತು ಎಣ್ಣೆ ತಿಕ್ಕುವುದರ ಬಗ್ಗೆ. ಮಕ್ಕಳು ಬಿದ್ದು ಮೊಣಕೈ ಊದಿದಾಗ ಬಿಸಿ ಎಣ್ಣೆ ಹಚ್ಚಿ ನೀವುವುದು, ಜಗ್ಗುವುದು ನಮ್ಮಲ್ಲಿ ರೂಢಿ. ಹಿರಿಯರು ಬೇಸರ ಮಾಡಿಕೊಳ್ಳಬಾರದು. ಮೊಣಕೈಗೆ ಹೊಸದಾಗಿ ಏಟಾದಾಗ ಬಲವಾಗಿ ತಿಕ್ಕಿದರೆ ಸ್ನಾಯುವಿನೊಳಗೇ ಮೂಳೆ ಬೆಳೆಯುವ ಅಪಾಯವಿದೆ. ಹಾಗಾದ ಕೈ ಮಡಚಲೂ ಬಾರದು, ಚಾಚಲೂ ಬಾರದು. ಪಟ್ಟಿಯನ್ನು ತೀರ ಬಿಗಿಯಾಗಿ ಕಟ್ಟಿದರೆ ರಕ್ತ ಹರಿಯದೆ ಬೆರಳುಗಳೇ ಮುರುಟಿಹೋಗಬಹುದು. ಕಟ್ಟು ಹಾಕಿದ ಮೇಲೆ ಬೆರಳು ತಣ್ಣಗಾದರೆ, ಬಣ್ಣ ಬದಲಾದರೆ, ಬೆರಳು ಚಾಚಿದಾಗ ವಿಪರೀತ ನೋವಾದರೆ ಬೆಳಗಾಗಲಿ ಎಂದು ಕಾಯಬೇಡಿ. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.

ಮೂರನೆಯದು ವಿಶ್ರಾಂತಿಯ ಬಗ್ಗೆ. ಜರ್ಮನಿಯ ಯೂಲಿಯಸ್ ವೋಲ್ಫ್ ಎಂಬ ಶಸ್ತ್ರವೈದ್ಯ 1892ರಲ್ಲೇ ಒಂದು ವಿಷಯ ಬರೆದಿಟ್ಟರು. ಮೂಳೆ ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ, ಭಾರ ಇಲ್ಲದಿದ್ದರೆ ಸವೆಯುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ತೇಲಾಡುವ ಯಾನಿಗಳ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸಾಂದ್ರತೆ ಕಳೆದುಕೊಳ್ಳುತ್ತದೆ. ಅದಕ್ಕೇ ಅವರು ಅಲ್ಲಿ ದಿನಾ ವ್ಯಾಯಾಮ ಮಾಡುತ್ತಾರೆ. ನಮ್ಮ ಮನೆಯ ಮಂಚದ ಮೇಲೆ ಮೂರು ತಿಂಗಳು ಅಲುಗದೆ ಮಲಗಿದವರ ಮೂಳೆಯೂ ಸವೆಯುತ್ತದೆ, ಸ್ನಾಯುವೂ ಕರಗುತ್ತದೆ. ಹಾಗೆಂದು ಮುರಿದ ಕಾಲಿನ ಮೇಲೆ ಮರುದಿನವೇ ನಿಲ್ಲಿ ಎಂದು ಹೇಳುತ್ತಿಲ್ಲ. ಡಾಕ್ಟರು ರೆಸ್ಟ್ ಎಂದಾಗ ನಾಲ್ಕು ಪ್ರಶ್ನೆ ಕೇಳಿ. ಯಾವ ಭಾಗಕ್ಕೆ ರೆಸ್ಟ್? ಎಷ್ಟು ದಿನ? ಯಾವ ಕೀಲನ್ನು ಇವತ್ತಿನಿಂದಲೇ ಆಡಿಸಬಹುದು? ಕಾಲಿನ ಮೇಲೆ ಯಾವಾಗ, ಎಷ್ಟು ಭಾರ ಹಾಕಬಹುದು? ಈ ನಾಲ್ಕು ಪ್ರಶ್ನೆಗಳನ್ನು 1991ರಲ್ಲಿ ನಾನು ಕೇಳಿದ್ದರೆ ಅಪ್ಪ ಇವತ್ತು ಮಣೆಯ ಮೇಲೆ ಕೂತು ಉಣ್ಣುತ್ತಿದ್ದರೋ ಏನೋ.

ಕಬಡ್ಡಿ ಆಡುವ ಹುಡುಗರಿಗೂ ಹುಡುಗಿಯರಿಗೂ ಒಂದು ಮಾತು. ನಮ್ಮ ಶಾಲೆಯ ತಂಡಕ್ಕೆ ಒಳ್ಳೆಯ ಹೆಸರಿದೆ. ಆಡುವಾಗ ಪಾದ ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದರೆ ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿಯಬಹುದು. 'ಟಪ್' ಎಂದ ಹಾಗಾಗುತ್ತದೆ, ಕೆಲವು ಗಂಟೆಗಳಲ್ಲಿ ಮಂಡಿ ಊದುತ್ತದೆ. ವಾರ ಕಳೆದು ಊತ ಇಳಿದಾಗ ಎಲ್ಲ ಸರಿಹೋಯಿತೆಂದು ಮತ್ತೆ ಅಂಗಳಕ್ಕೆ ಇಳಿಯುತ್ತಾರೆ. ಮಂಡಿ ಮತ್ತೆ ಜಾರುತ್ತದೆ, ಈ ಸಲ ಒಳಗಿನ ಮೆತ್ತೆಯಂಥ ಮೃದ್ವಸ್ಥಿಯೂ ಹರಿಯುತ್ತದೆ. ಆಪರೇಷನ್ ಆದವರೂ ಒಂಬತ್ತು ತಿಂಗಳಿಗೆ ಮೊದಲು ಆಟಕ್ಕೆ ಇಳಿದರೆ ಮತ್ತೆ ಗಾಯವಾಗುವ ಸಂಭವ ಹೆಚ್ಚು. ದಿನ ಎಣಿಸಿದರೂ ಸಾಲದು. ಒಂಟಿಕಾಲಲ್ಲಿ ಕುಪ್ಪಳಿಸಿ ನೋಡಬೇಕು. ಗಾಯದ ಕಾಲು ಒಳ್ಳೆಯ ಕಾಲಿನ ಶೇಕಡಾ 90ರಷ್ಟಾದರೂ ಶಕ್ತಿ ತೋರಿಸಿದ ಮೇಲೇ ನಾವು ಆಡಲು ಬಿಡುತ್ತೇವೆ.

ಈಗ ಹತ್ತನೇ ತರಗತಿಯ ಮಕ್ಕಳಿಗಾಗಿ ಉದ್ಯೋಗದ ಮಾತು. "ಸೈನ್ಸ್ ತಗೊಂಡರೆ ಡಾಕ್ಟರ್, ಇಲ್ಲದಿದ್ದರೆ ಇಂಜಿನಿಯರ್, ಎರಡೂ ಆಗದಿದ್ದರೆ ಜನ್ಮ ವ್ಯರ್ಥ" ಎಂದು ನಿಮ್ಮ ತಲೆಯಲ್ಲಿ ತುಂಬಿದ್ದರೆ ಅದನ್ನು ಇಲ್ಲೇ ಇಳಿಸಿ ಹೋಗಿ. ಫಿಸಿಯೋಥೆರಪಿ ಇದೆ. ಲಕ್ವ ಹೊಡೆದವರಿಗೆ ಮತ್ತೆ ಅಂಗಿ ತೊಡಲು, ತುತ್ತು ಎತ್ತಲು ಕಲಿಸುವ ಆಕ್ಯುಪೇಷನಲ್ ಥೆರಪಿ ಇದೆ. ಕೃತಕ ಕೈಕಾಲು, ಆಧಾರಪಟ್ಟಿ ತಯಾರಿಸುವ ಪ್ರಾಸ್ಥೆಟಿಕ್ಸ್ ಮತ್ತು ಆರ್ಥೋಟಿಕ್ಸ್ ಇದೆ. ಮಾತು ಮತ್ತು ಶ್ರವಣದ ಕೆಲಸ ಕಲಿಯಲು ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಇವು ನಾಲ್ಕರಿಂದ ಐದು ವರ್ಷದ ಪದವಿಗಳು. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದವರಿಗೆ ದಾರಿ ತೆರೆದಿದೆ. ಸಹವೈದ್ಯಕೀಯ ವೃತ್ತಿಗಳಿಗೆಂದೇ 2021ರಲ್ಲಿ ಕೇಂದ್ರದ ಕಾಯ್ದೆಯೂ ಬಂದಿದೆ. ಸೇರುವ ಮೊದಲು ಕಾಲೇಜಿಗೆ ವಿಶ್ವವಿದ್ಯಾಲಯದ ಮಾನ್ಯತೆ ಇದೆಯೇ, ಜೊತೆಗೆ ನಿಜವಾಗಿ ರೋಗಿಗಳು ಬರುವ ಆಸ್ಪತ್ರೆ ಇದೆಯೇ ಎಂದು ಕಣ್ಣಾರೆ ನೋಡಿ. ದಲ್ಲಾಳಿಗಳ ಮಾತು ನಂಬಿ ದುಡ್ಡು ಕಟ್ಟಬೇಡಿ. ಸಂಬಳ ಮೊದಲ ವರ್ಷಗಳಲ್ಲಿ ಕಡಿಮೆಯೇ ಇರುತ್ತದೆ, ಅದನ್ನೂ ಮುಚ್ಚಿಡುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಸಾಧ್ಯವೇ ಎಂಬ ಅಳುಕು ನನಗೂ ಇತ್ತು. ಮೊದಲ ವರ್ಷದ ಅನಾಟಮಿ ಪುಸ್ತಕ ನೋಡಿ ಊರಿಗೆ ಓಡಿಬಂದವನು ನಾನು. ಅಪ್ಪ ಮರುದಿನವೇ ಬಸ್ಸು ಹತ್ತಿಸಿದರು. ಇಂಗ್ಲಿಷ್ ಆರು ತಿಂಗಳಲ್ಲಿ ಹಿಡಿತಕ್ಕೆ ಬಂತು. ಆದರೆ ಕೆಲಸಕ್ಕೆ ನಿಂತ ಮೇಲೆ ಹೆಚ್ಚು ನೆರವಾದದ್ದು ಊರಿನ ಕನ್ನಡ. ನಮ್ಮ ಜನ ಬರೀ ನೋವು ಎನ್ನುವುದಿಲ್ಲ. ಸೆಳೆತ, ಚಳಕು, ಉರಿ, ಜೋಮು, ಇರಿತ ಎನ್ನುತ್ತಾರೆ. ಸೊಂಟದಿಂದ ಪಾದದವರೆಗೆ ಜೋಮು ಇಳಿಯುತ್ತದೆ ಎಂದರೆ ನಾನು ನರದ ಕಡೆ ನೋಡುತ್ತೇನೆ. ಬೆಳಿಗ್ಗೆ ಹಿಡಿದುಕೊಂಡು ಓಡಾಡಿದ ಮೇಲೆ ಸಡಿಲವಾಗುತ್ತದೆ ಎಂದರೆ ಕೀಲಿನ ಕಡೆ ನೋಡುತ್ತೇನೆ. ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಕಾಲು ಸೋತುಹೋದರೆ ನನ್ನ ಹತ್ತಿರವೂ ಬರಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಓದಿನಲ್ಲಿ ಹಿಂದೆ ಇದ್ದು ಕೈಕೆಲಸದಲ್ಲಿ ಮುಂದೆ ಇರುವ ಮಕ್ಕಳೂ ಈ ಸಭೆಯಲ್ಲಿದ್ದಾರೆ. ಅವರಿಗಾಗಿ ಜೈಪುರ ಪಾದದ ಕಥೆ ಹೇಳುತ್ತೇನೆ. ವಿದೇಶಿ ಮಾದರಿಯ ಕೃತಕ ಪಾದಕ್ಕೆ ಬೂಟು ಬೇಕು, ಅದು ಹೆಚ್ಚು ಬಾಗುವುದಿಲ್ಲ. ನಮ್ಮ ರೈತ ಬರಿಗಾಲಲ್ಲಿ ಕೆಸರುಗದ್ದೆಗೆ ಇಳಿಯಬೇಕು, ಕುಕ್ಕರಗಾಲಲ್ಲಿ ಕೂರಬೇಕು. 1968ರ ಸುಮಾರಿಗೆ ಜೈಪುರದ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಮೂಳೆತಜ್ಞ ಡಾ. ಪಿ.ಕೆ. ಸೇಠಿ ಸೇರಿ ರಬ್ಬರಿನಿಂದ ಎಲ್ಲ ಕಡೆಗೂ ಬಾಗುವ ಪಾದ ಮಾಡಿದರು. ಡಾ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಒಬ್ಬರಿಗೆ ಮೂಳೆಯ ಶಾಸ್ತ್ರ ಗೊತ್ತಿತ್ತು, ಇನ್ನೊಬ್ಬರಿಗೆ ರಬ್ಬರು, ಮರ, ಅಚ್ಚಿನ ಕೆಲಸ ಗೊತ್ತಿತ್ತು. ಒಬ್ಬರಿಲ್ಲದೆ ಇನ್ನೊಬ್ಬರಿಂದ ಅದು ಆಗುತ್ತಿರಲಿಲ್ಲ.

ಮುಗಿಸುವ ಮೊದಲು ಅಪ್ಪನ ಕಡೆ ಒಮ್ಮೆ ನೋಡಿ. ಎರಡನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಎಡಗಾಲು ಚಾಚಿಕೊಂಡು ಕೂತಿದ್ದಾರೆ. ಈಗ ಆ ಕಡೆಯ ಸೊಂಟದ ಕೀಲೂ ನೋಯುತ್ತದೆ. ಕೋಲು ಬಲಗೈಯಲ್ಲಿದೆ. ಕಾಲು ನೋಯುವ ಕಡೆಗೇ ಕೋಲು ಹಿಡಿಯುವುದು ಎಲ್ಲರ ಅಭ್ಯಾಸ, ಅವರದ್ದೂ ಹಾಗೇ ಇತ್ತು. ಒಂಟಿಕಾಲಲ್ಲಿ ನಿಂತಾಗ ಮೈಭಾರ ಆಚೆಗೆ ವಾಲದಂತೆ ಸೊಂಟದ ಪಕ್ಕದ ಸ್ನಾಯು ಜಗ್ಗಿ ಹಿಡಿಯಬೇಕು. ತಕ್ಕಡಿಯಲ್ಲಿ ಅದರ ಕಡೆಯ ತೋಳು ಗಿಡ್ಡ. ಹೀಗಾಗಿ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ, ಮೂರು ಪಟ್ಟು ಒತ್ತಡ ಬೀಳುತ್ತದೆ. ಎದುರು ಕೈಯಲ್ಲಿ ಕೋಲು ಹಿಡಿದರೆ ಅದು ಕೀಲಿನಿಂದ ದೂರ ಇರುವುದರಿಂದ ಸಣ್ಣಗೆ ಊರಿದರೂ ಆ ಒತ್ತಡ ಬಹಳ ಇಳಿಯುತ್ತದೆ. ಇದನ್ನು ಅಪ್ಪನಿಗೆ ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು. ಕೊನೆಗೆ ಒಂದು ದಿನ ತೋಟದ ತನಕ ಹಾಗೆ ಹೋಗಿ ಬಂದು, "ನಿನ್ನನ್ನು ಓದಿಸಿದ್ದಕ್ಕೆ ಇದೊಂದು ದಕ್ಕಿತು ನೋಡು" ಎಂದರು. ನನಗೆ ಸಿಕ್ಕ ಪ್ರಮಾಣಪತ್ರಗಳಲ್ಲಿ ಅದೇ ದೊಡ್ಡದು.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ನನ್ನದೊಂದು ಪ್ರಾರ್ಥನೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ, ಕಟ್ಟಿಸೋಣ. ಅದರ ಜೊತೆಗೆ ಶಾಲೆಯ ಒಂದು ಕೋಣೆಯಲ್ಲಿ ಎರಡು ಸ್ಟ್ರೆಚರ್ ಹಲಗೆ, ಹತ್ತು ಊರುಗೋಲು, ನಾಲ್ಕು ವಾಕರ್, ಒಂದು ಗಾಲಿಕುರ್ಚಿ ಇಡೋಣ. ಬೇಕಾದವರು ಬರೆಸಿ ಒಯ್ಯಲಿ, ಕೆಲಸ ಮುಗಿದ ಮೇಲೆ ತಂದಿಡಲಿ. ಅದರ ಅರ್ಧ ಖರ್ಚು ನನ್ನದು. ಪ್ರತಿ ತಿಂಗಳ ಮೊದಲ ಭಾನುವಾರ ನಾನು ಇಲ್ಲಿಗೆ ಬರುತ್ತೇನೆ. ಪ್ಲಾಸ್ಟರ್ ಬಿಚ್ಚಿಸಿಕೊಂಡವರು, ಲಕ್ವ ಹೊಡೆದವರು, ಸೊಂಟ ಹಿಡಿದವರು ಬನ್ನಿ. ಫೀಸು ಇಲ್ಲ. ಒಂಬತ್ತು, ಹತ್ತನೇ ತರಗತಿಯ ಮಕ್ಕಳು ನನ್ನ ಪಕ್ಕದಲ್ಲಿ ನಿಂತು, ಕೋನಮಾಪಕ ಹಿಡಿದು ಮಂಡಿ ಎಷ್ಟು ಬಗ್ಗಿತು ಎಂದು ಬರೆದುಕೊಳ್ಳಲಿ.

ಅಂದು ಮುಂಗೈ ಎತ್ತಿ ತೋರಿಸಿದ ನನ್ನ ಮೇಷ್ಟ್ರು ಇವತ್ತು ವೇದಿಕೆಯ ಮೇಲಿದ್ದಾರೆ. ಮೇಷ್ಟ್ರೇ, ಉತ್ತರ ಕೊಡಲು ಮೂವತ್ತೈದು ವರ್ಷ ತಡವಾಯಿತು, ಕ್ಷಮಿಸಿ. ಅದು ಮೂರನೇ ವರ್ಗದ ಸನ್ನೆ.